ಕೋಟೆ ಬುಡದ ಮಣ್ಣು, ಕೆಂಪು ಕೀಮೋ

ಭಾಗ 1

ಮೊದಲ ಫೋಟೋ ಸ್ವಲ್ಪ ಸಾವಕಾಶವಾಗಿ ನೋಡಿ. ಗುಡ್ಡದ ನೆತ್ತಿ ಮೇಲೆ ಎಂಟು ಮೂಲೆಯ ಕೋಟೆ, ಪ್ರತಿ ಮೂಲೆಗೂ ಮತ್ತೆ ಎಂಟು ಮೂಲೆಯದ್ದೇ ಒಂದೊಂದು ಬುರುಜು. ಇಟಲಿಯ ದಕ್ಷಿಣದಲ್ಲಿ, ಪುಲಿಯಾ ಸೀಮೆಯ ಆಂಡ್ರಿಯಾ ಊರಿನ ಹತ್ತಿರ ಇದೆ. ಹೆಸರು ಕಾಸ್ಟೆಲ್ ದೆಲ್ ಮೊಂಟೆ. 1240ರ ಸುಮಾರಿಗೆ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ್ದು. ಸುತ್ತ ಕಂದಕ ಇಲ್ಲ. ಹಾಗಾಗಿ ಇದು ಯುದ್ಧಕ್ಕೋ, ಬೇಟೆಗೋ, ಬರೀ ದರ್ಪಕ್ಕೋ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡ್ತಾರೆ. ಇಟಲಿಯ ಒಂದು ಸೆಂಟ್ ಯೂರೋ ನಾಣ್ಯ ಯಾರಾದ್ರೂ ತಂದುಕೊಟ್ಟಿದ್ರೆ ತಿರುಗಿಸಿ ನೋಡಿ, ಅದರ ಮೇಲಿರೋದು ಇದೇ ಕೋಟೆ.

ಆದ್ರೆ ಈ ಸರಣಿ ಕೋಟೆ ಬಗ್ಗೆ ಅಲ್ಲ. ಅದರ ಸುತ್ತಮುತ್ತಲಿನ ಮಣ್ಣಿನ ಬಗ್ಗೆ.

1950ರ ದಶಕದಲ್ಲಿ ಮಿಲಾನಿನ ಫಾರ್ಮಿಟಾಲಿಯಾ ಅನ್ನೋ ಔಷಧ ಕಂಪನಿಯವರು ಈ ಕೋಟೆಯ ಆಸುಪಾಸಿನ ಒಂದಿಷ್ಟು ಮಣ್ಣನ್ನ ತಮ್ಮ ಲ್ಯಾಬಿಗೆ ತರಿಸಿಕೊಂಡ್ರು. ಅದರಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ಢಾಳಾದ ಕೆಂಪು ಬಣ್ಣ ಬಿಡ್ತಿತ್ತು. ಆ ಕೆಂಪು ಇವತ್ತು ಬೆಂಗಳೂರಿನ ಕಿದ್ವಾಯಿಯಲ್ಲಿ, ಮುಂಬೈಯ ಟಾಟಾದಲ್ಲಿ, ಪ್ರಪಂಚದ ಬಹುಪಾಲು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತನಾಳಕ್ಕೆ ಇಳೀತಿದೆ. ಸ್ತನ ಕ್ಯಾನ್ಸರ್, ಲಿಂಫೋಮ, ಹುಡುಗ್ರ ಮೂಳೆ ಕ್ಯಾನ್ಸರ್ ಎಲ್ಲಕ್ಕೂ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಹೆಸರು ಡಾಕ್ಸೊರುಬಿಸಿನ್. ಅಮೆರಿಕದ ರೋಗಿಗಳು ಇದಕ್ಕೆ ‘ರೆಡ್ ಡೆವಿಲ್’ ಅಂತ ಅಡ್ಡಹೆಸರಿಟ್ಟಿದ್ದಾರೆ.

ನಿಮ್ಮ ಮನೇಲೋ ನೆಂಟರಲ್ಲೋ ಯಾರಿಗಾದ್ರೂ ಈ ‘ಕೆಂಪು ಕೀಮೋ’ ಆಗಿದ್ರೆ ಒಂದು ವಿಷಯ ಗಮನಿಸಿರ್ತೀರಿ. ಶುರು ಮಾಡೋ ಮುಂಚೆ ಡಾಕ್ಟರು ಹೃದಯದ ಎಕೋ ಮಾಡಿಸ್ಕೊಂಡು ಬನ್ನಿ ಅಂತಾರೆ. ಗಡ್ಡೆ ಇರೋದು ಒಂದು ಕಡೆ, ಪರೀಕ್ಷೆ ಮಾಡ್ಸೋದು ಹೃದಯಕ್ಕೆ. ಯಾಕೆ? ಇದಕ್ಕೆ ಉತ್ತರ ಬೇಕಂದ್ರೆ ಸುಮಾರು 60 ವರ್ಷದ ಇತಿಹಾಸ ದಾಟಬೇಕು. ಬನ್ನಿ.

ಭಾಗ 2

ಮೊದಲು ಎಲ್ಲರೂ ಕೇಳೋ ಪ್ರಶ್ನೆ. ಆ್ಯಂಟಿಬಯೋಟಿಕ್ ಅಂದ್ರೆ ಜ್ವರಕ್ಕೆ, ಗಂಟಲು ನೋವಿಗೆ, ಗಾಯ ಕೀವಾದ್ರೆ ತಗೊಳ್ಳೋ ಮಾತ್ರೆ. ಅದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ?

ಮುಂಗಾರಿನ ಮೊದಲ ಹನಿ ಬಿದ್ದಾಗ ನೆಲದಿಂದ ಏಳೋ ವಾಸನೆ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಅನ್ನೋ ರಾಸಾಯನಿಕದ್ದು. ಅದನ್ನ ತಯಾರಿಸೋದು ಮಣ್ಣಲ್ಲಿ ಬದುಕೋ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾ ಮತ್ತು ಅದರ ದಾಯಾದಿಗಳು. ನೋಡೋಕೆ ಬೂಷ್ಟಿನ ಹಾಗೆ ಎಳೆಎಳೆಯಾಗಿ ಬೆಳೆಯುತ್ತವೆ. ಒಂದು ಚಮಚ ಮಣ್ಣಲ್ಲಿ ಕೋಟಿಗಟ್ಟಲೆ ಜೀವಿಗಳು ಒಂದೇ ಅನ್ನಕ್ಕೆ ಕಿತ್ತಾಡ್ತಿರ್ತವೆ. ಆ ಜಾಗದಲ್ಲಿ ಸ್ಟ್ರೆಪ್ಟೊಮೈಸಿಸ್ ಕೈಯಲ್ಲಿರೋ ಅಸ್ತ್ರ ಅಂದ್ರೆ ವಿಷ. ಬಗೆಬಗೆಯ ವಿಷ. ನಾವು ಆ್ಯಂಟಿಬಯೋಟಿಕ್ ಅಂತ ಕರೆಯೋದರಲ್ಲಿ ಬಹುಪಾಲು ಬಂದಿರೋದು ಈ ಒಂದೇ ಕುಲದ ಖಜಾನೆಯಿಂದ.

ಈ ಖಜಾನೆಯ ಬಾಗಿಲು ತೆಗೆದವರು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸೆಲ್ಮನ್ ವಾಕ್ಸ್‌ಮನ್. ಮಣ್ಣಿನ ಮನುಷ್ಯ. 1940ರಲ್ಲಿ ಅವರೂ ಅವರ ವಿದ್ಯಾರ್ಥಿ ಬಾಯ್ಡ್ ವುಡ್ರಫ್ ಕೂಡ ಆ್ಯಕ್ಟಿನೊಮೈಸಿನ್ ಅನ್ನೋ ವಸ್ತುವನ್ನ ಬೇರ್ಪಡಿಸಿದ್ರು. ಬ್ಯಾಕ್ಟೀರಿಯಾ ಚೆನ್ನಾಗೇ ಸಾಯ್ತಿತ್ತು. ಆದ್ರೆ ಔಷಧಿ ಕೊಟ್ಟ ಇಲಿಯೂ ಸಾಯ್ತಿತ್ತು. ಮೂಲೆಗೆ ಬಿತ್ತು. ಮೂರು ವರ್ಷ ಬಿಟ್ಟು ಅದೇ ಲ್ಯಾಬಿನಲ್ಲಿ ಆಲ್ಬರ್ಟ್ ಶಾಟ್ಸ್ ಅನ್ನೋ ವಿದ್ಯಾರ್ಥಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ. ಕ್ಷಯಕ್ಕೆ ಮೊದಲ ಮದ್ದು. 1952ರಲ್ಲಿ ನೊಬೆಲ್ ಬಂತು, ವಾಕ್ಸ್‌ಮನ್ ಒಬ್ಬರಿಗೇ. ಶಾಟ್ಸ್‌ಗೆ ಇಲ್ಲ. (ಅದೊಂದು ದೊಡ್ಡ ಜಗಳ. ಇನ್ನೊಂದು ಸರಣಿಗಾಗುವಷ್ಟಿದೆ.)

ಒಂದು ಮದ್ದು ನಮ್ಮನ್ನ ಉಳಿಸುತ್ತೆ, ಇನ್ನೊಂದು ನಮ್ಮನ್ನೂ ಕೊಲ್ಲುತ್ತೆ. ವ್ಯತ್ಯಾಸ ಎಲ್ಲಿದೆ ಅಂದ್ರೆ, ಅದು ಯಾವುದಕ್ಕೆ ಕೈ ಹಾಕುತ್ತೆ ಅನ್ನೋದರಲ್ಲಿ. ಪೆನ್ಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟೋದನ್ನ ಕೆಡಿಸುತ್ತೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ಕಾರ್ಖಾನೆಗೆ ಅಡ್ಡ ಹಾಕುತ್ತೆ. ನಮ್ಮ ಕಾರ್ಖಾನೆಯ ಅಚ್ಚು ಬೇರೆ. ಆದ್ರೆ ಕೆಲವು ವಿಷಗಳು ನೇರವಾಗಿ ಡಿಎನ್‌ಎಗೇ ಅಂಟಿಕೊಳ್ತವೆ. ಡಿಎನ್‌ಎ ವಿಷಯದಲ್ಲಿ ಬ್ಯಾಕ್ಟೀರಿಯಾ, ಇಲಿ, ನೀವು, ನಾನು ಎಲ್ಲಾ ಒಂದೇ ನೂಲು.

ಗಂಟಲು ನೋವಿಗೆ ಇಂಥದ್ದನ್ನ ಕೊಡೋಕಾಗಲ್ಲ. ಆದ್ರೆ ಹತೋಟಿ ಮೀರಿ ಬೆಳೀತಿರೋ ನಮ್ಮದೇ ಜೀವಕೋಶವನ್ನ ಕೊಲ್ಲಬೇಕು ಅಂದಾಗ?

ಭಾಗ 3

ಮೂಲೆಗೆ ಬಿದ್ದಿದ್ದ ಆ್ಯಕ್ಟಿನೊಮೈಸಿನ್‌ಗೆ ಮತ್ತೆ ಕೆಲಸ ಸಿಕ್ಕಿದ್ದು ಹೀಗೆ. 1950ರ ದಶಕದ ಮೊದಲಲ್ಲಿ ಜರ್ಮನಿಯಲ್ಲಿ ಇದರ ಒಂದು ಬಗೆಗೆ ಗಡ್ಡೆ ಕುಗ್ಗಿಸೋ ಶಕ್ತಿ ಇದೆ ಅಂತ ಗೊತ್ತಾಯ್ತು. ಬೋಸ್ಟನ್‌ನಲ್ಲಿ ಮಕ್ಕಳ ಕ್ಯಾನ್ಸರ್ ವೈದ್ಯ ಸಿಡ್ನಿ ಫಾರ್ಬರ್ ಅದರ ಇನ್ನೊಂದು ಬಗೆಯಾದ ಆ್ಯಕ್ಟಿನೊಮೈಸಿನ್-ಡಿ ಕೈಗೆತ್ತಿಕೊಂಡ್ರು. ನಮ್ಮ ಕಡೆಯ ಓದುಗರಿಗೆ ಈ ಹೆಸರು ಹೊಸದಲ್ಲ. ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿ ಕೊಟ್ಟ ಔಷಧಿಗಳಿಂದ 1948ರಲ್ಲಿ ಮಕ್ಕಳ ರಕ್ತ ಕ್ಯಾನ್ಸರನ್ನ ಮೊದಲ ಸಲ ಹಿಮ್ಮೆಟ್ಟಿಸಿದ್ದು ಇದೇ ಫಾರ್ಬರ್.

ಪುಟ್ಟ ಮಕ್ಕಳ ಮೂತ್ರಪಿಂಡದಲ್ಲಿ ಬರೋ ವಿಲ್ಮ್ಸ್ ಗಡ್ಡೆಗೆ ಆಪರೇಷನ್, ರೇಡಿಯೇಷನ್ ಜೊತೆ ಇದನ್ನ ಸೇರಿಸಿದ್ರು. ಶ್ವಾಸಕೋಶಕ್ಕೆ ಹರಡಿದ್ದ ಗಡ್ಡೆಗಳೂ ಕರಗಿದ್ವು. 1964ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು.

ಕೆಲಸಕ್ಕೆ ಬಾರದ ಆ್ಯಂಟಿಬಯೋಟಿಕ್ ಒಳ್ಳೇ ಕ್ಯಾನ್ಸರ್ ಮದ್ದಾಗಬಹುದು ಅನ್ನೋದು ಇದರಿಂದ ಖಾತ್ರಿಯಾಯ್ತು. ಅಲ್ಲಿಂದ ಮುಂದೆ ಜಪಾನು, ಇಟಲಿ, ಫ್ರಾನ್ಸು ಎಲ್ಲಾ ಕಡೆ ಔಷಧ ಕಂಪನಿಯವರು ಮಣ್ಣು ಹುಡುಕಿಕೊಂಡು ಹೊರಟರು.

ಭಾಗ 4

ಮಿಲಾನಿಗೆ ವಾಪಸ್ ಬರೋಣ. ಫಾರ್ಮಿಟಾಲಿಯಾದ ತಂಡದಲ್ಲಿ ಔಷಧಶಾಸ್ತ್ರಜ್ಞ ಔರೇಲಿಯೊ ದಿ ಮಾರ್ಕೊ, ಸೂಕ್ಷ್ಮಜೀವಿ ತಜ್ಞ ಆರ್ಪಾಡ್ ಗ್ರೈನ್, ರಸಾಯನಶಾಸ್ತ್ರಜ್ಞ ಫೆಡೆರಿಕೊ ಆರ್ಕಮೋನೆ ಇದ್ರು. ಕೋಟೆ ಮಣ್ಣಿನ ಜೀವಿ ಹೊಸ ಜಾತಿ ಅಂತ ಗೊತ್ತಾದಾಗ ಸ್ಟ್ರೆಪ್ಟೊಮೈಸಿಸ್ ಪ್ಯುಸೆಟಿಯಸ್ ಅಂತ ಹೆಸರಿಟ್ಟರು. ರೋಮನ್ನರಿಗಿಂತ ಮುಂಚೆ ಆ ಸೀಮೆಯಲ್ಲಿ ಬಾಳಿದ ಪ್ಯುಸೆಟಿ ಅನ್ನೋ ಬುಡಕಟ್ಟಿನ ಹೆಸರು ಅದು.

ಅದು ಬಿಡುವ ಕೆಂಪು ವಸ್ತುವನ್ನ ಗಡ್ಡೆಯಿದ್ದ ಇಲಿಗಳಿಗೆ ಕೊಟ್ಟು ನೋಡಿದ್ರು. ಗಡ್ಡೆ ಕುಗ್ಗಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯವರ ಕೈಗೆ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನಿಂದ ಅದೇ ವಸ್ತು ಸಿಕ್ಕಿತ್ತು. ಇಟಲಿಯವರು ಡೌನೊಮೈಸಿನ್ ಅಂದ್ರು, ಅದೂ ಪುಲಿಯಾದ ಇನ್ನೊಂದು ಹಳೇ ಬುಡಕಟ್ಟು ಡೌನಿಯರ ಹೆಸರಿಂದ. ಫ್ರೆಂಚರು ರುಬಿಡೊಮೈಸಿನ್ ಅಂದ್ರು, ಮಾಣಿಕ್ಯದ ಕೆಂಪು ಅಂತ. ಕೊನೆಗೆ ರಾಜಿ ಆಯ್ತು. ಅರ್ಧ ಅವರದ್ದು, ಅರ್ಧ ಇವರದ್ದು. ಡೌನೊರುಬಿಸಿನ್.

ಔಷಧಿಗಳ ಹೆಸರು ಓದೋಕೆ ನಾಲಿಗೆ ಹೊರಳಲ್ಲ ಅಂತ ಬೈಕೋತೀವಲ್ಲ, ಒಳಗೆ ಎಷ್ಟು ಇತಿಹಾಸ ಕೂತಿದೆ ನೋಡಿ. ಎರಡು ಸಾವಿರ ವರ್ಷದ ಹಿಂದೆ ಅಳಿದುಹೋದ ಒಂದು ಬುಡಕಟ್ಟಿನ ಹೆಸರು ಇವತ್ತು ಕ್ಯಾನ್ಸರ್ ವಾರ್ಡಿನಲ್ಲಿ ದಿನಾ ಓಡಾಡ್ತಿದೆ.

1960ರ ದಶಕದಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯ್ತು. ತೀವ್ರ ರಕ್ತ ಕ್ಯಾನ್ಸರ್‌ನಲ್ಲಿ ಫಲ ಕಾಣಿಸ್ತು. ಒಂದು ತರಹದ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಡೌನೊರುಬಿಸಿನ್ನೇ ಮೊದಲ ಸಾಲಿನ ಮದ್ದು.

ಭಾಗ 5

ಇದು ಹೇಗೆ ಕೊಲ್ಲುತ್ತೆ? ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಮುಂದಿನದೆಲ್ಲಾ ಇದರ ಮೇಲೆ ನಿಂತಿದೆ.

ನಮ್ಮ ಒಂದು ಜೀವಕೋಶದ ಡಿಎನ್‌ಎಯನ್ನ ಬಿಚ್ಚಿ ಉದ್ದಕ್ಕೆ ಇಟ್ಟರೆ ಸುಮಾರು 2 ಮೀಟರ್. ಅದು ಕಣ್ಣಿಗೆ ಕಾಣದ ಒಂದು ಚುಕ್ಕಿಯೊಳಗೆ ಮಡಚಿಕೊಂಡು ಕೂತಿದೆ, ಎರಡು ಎಳೆಯ ಹುರಿ. ಜೀವಕೋಶ ಎರಡಾಗಬೇಕಾದ್ರೆ ಈ ಎಳೆಗಳನ್ನ ಬಿಡಿಸಿ ನಕಲು ಮಾಡಬೇಕು. ತೆಂಗಿನ ನಾರಿನ ಹಗ್ಗ ತಗೊಂಡು ಮಧ್ಯದಲ್ಲಿ ಎರಡು ಎಳೆಗಳನ್ನ ಬೇರೆ ಮಾಡಿ ಎಳೆದು ನೋಡಿ. ಅಲ್ಲಿ ಬಿಡಿಸಿಕೊಳ್ಳುತ್ತೆ, ಆದ್ರೆ ಅಕ್ಕಪಕ್ಕದಲ್ಲಿ ಹುರಿ ಇನ್ನೂ ಬಿಗಿಯಾಗಿ ಗಂಟುಗಂಟಾಗುತ್ತೆ. ಡಿಎನ್‌ಎಯಲ್ಲೂ ಇದೇ ಗೋಳು.

ಆ ಸಿಕ್ಕು ಬಿಡಿಸೋಕೆ ಒಂದು ಕಿಣ್ವ ಇದೆ, ಟೋಪೋಐಸೋಮರೇಸ್-2 ಅಂತ. ಅದು ಮಾಡೋ ಕೆಲಸ ಎದೆ ಝಲ್ ಅನ್ನಿಸುವಂಥದ್ದು. ಡಿಎನ್‌ಎಯ ಎರಡೂ ಎಳೆಗಳನ್ನ ಕತ್ತರಿಸುತ್ತೆ, ತುಂಡಾದ ತುದಿಗಳನ್ನ ಕೈಯಲ್ಲೇ ಹಿಡ್ಕೊಂಡಿರುತ್ತೆ, ಆ ಸಂದಿಯಲ್ಲಿ ಇನ್ನೊಂದು ಭಾಗವನ್ನ ದಾಟಿಸುತ್ತೆ, ಮತ್ತೆ ಮೊದಲಿನ ಹಾಗೇ ಜೋಡಿಸುತ್ತೆ. ಕ್ಷಣಾರ್ಧದ ಕೆಲಸ. ನಿಮ್ಮ ಮೈಯಲ್ಲಿ ಇದನ್ನ ಓದೋಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸಲ ನಡೆದಿದೆ.

ಈಗ ನಮ್ಮ ಕೆಂಪು ವಸ್ತು. ಅದರ ಅಣುವಿನಲ್ಲಿ ನಾಲ್ಕು ಉಂಗುರಗಳು ಸಾಲಾಗಿ ಅಂಟಿಕೊಂಡಿವೆ. ಹೆಚ್ಚೂಕಡಿಮೆ ಹಪ್ಪಳದ ಹಾಗೆ ಚಪ್ಪಟೆ. ಒಂದು ಕೊನೆಗೆ ಸಕ್ಕರೆಯ ಒಂದು ಬಾಲ. ಈ ಚಪ್ಪಟೆ ಭಾಗ ಡಿಎನ್‌ಎ ಮೆಟ್ಟಿಲುಗಳ ನಡುವೆ ತೂರಿಕೊಂಡು ಕೂರುತ್ತೆ. ಬಾಲ ಪಕ್ಕದ ತೋಡಿನಲ್ಲಿ ಕಚ್ಚಿಕೊಳ್ಳುತ್ತೆ. 1980ರಲ್ಲಿ ಅಮೆರಿಕದ ಎಂಐಟಿಯ ಅಲೆಕ್ಸಾಂಡರ್ ರಿಚ್ ತಂಡ ಎಕ್ಸ್-ರೇ ವಿಧಾನದಿಂದ ಇದು ಕೂರೋ ಭಂಗಿಯನ್ನ ಸಾಕ್ಷಾತ್ ತೋರಿಸ್ತು. ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ, ಔಷಧಿಗೆ ಕೆಂಪು ಬಣ್ಣ ಕೊಡೋದೂ ಇದೇ ಉಂಗುರಗಳು. ಡ್ರಿಪ್‌ನಲ್ಲಿ ಕಾಣೋ ಆ ಬಣ್ಣ, ಡಿಎನ್‌ಎಗೆ ಹಾಕೋ ಬೆಣೆ, ಎರಡೂ ಒಂದೇ.

ಆದ್ರೆ ಬರೀ ತೂರಿಕೊಂಡರೆ ಸಾಯುತ್ತಾ? ಬಹಳ ವರ್ಷ ಹಾಗೇ ಅಂದ್ಕೊಂಡಿದ್ರು. 1984ರಲ್ಲಿ ಲೀರಾಯ್ ಲಿಯು ಮತ್ತವರ ಸಹೋದ್ಯೋಗಿಗಳು ಅಸಲಿ ಪೆಟ್ಟು ಎಲ್ಲಿ ಬೀಳುತ್ತೆ ಅಂತ ತೋರಿಸಿದ್ರು. ಸಿಕ್ಕು ಬಿಡಿಸೋ ಕಿಣ್ವ ಡಿಎನ್‌ಎಯನ್ನ ಕತ್ತರಿಸಿ ತುದಿಗಳನ್ನ ಹಿಡ್ಕೊಂಡಿರೋ ಗಳಿಗೆಯಲ್ಲೇ ಈ ಔಷಧಿ ಅಡ್ಡ ಸೇರಿಕೊಳ್ಳುತ್ತೆ. ಕತ್ತರಿಸಿದ್ದಾಯ್ತು, ಜೋಡಿಸೋಕಾಗಲ್ಲ. ಇಂಥ ಮುರಿತಗಳು ಒಂದರ ಮೇಲೊಂದು ಸೇರಿದಾಗ ರಿಪೇರಿ ಮಾಡೋಕೆ ಸಾಧ್ಯವಿಲ್ಲ ಅಂತ ಜೀವಕೋಶವೇ ತೀರ್ಮಾನಿಸಿ ತನ್ನನ್ನ ತಾನೇ ಮುಗಿಸಿಕೊಳ್ಳುತ್ತೆ.

ಯಾವ ಜೀವಕೋಶ ಜೋರಾಗಿ ಎರಡಾಗ್ತಿದೆಯೋ ಅದರಲ್ಲಿ ಈ ಕಿಣ್ವ ಹೆಚ್ಚು. ಕ್ಯಾನ್ಸರ್‌ಗೆ ಪೆಟ್ಟು ಬೀಳೋದು ಅದಕ್ಕೇ. ಕೂದಲ ಬುಡ, ಬಾಯಿ ಒಳಗಿನ ಪೊರೆ, ಮೂಳೆಯೊಳಗೆ ರಕ್ತ ಹುಟ್ಟೋ ಮಜ್ಜೆ ಇವೂ ಬಿಡುವಿಲ್ಲದೆ ಬೆಳೆಯೋ ಜಾಗಗಳೇ. ಕೂದಲು ಉದುರೋದು, ಬಾಯಿ ಹುಣ್ಣು, ಬಿಳಿ ರಕ್ತಕಣ ಇಳಿಯೋದು ಎಲ್ಲಾ ಇದೇ ಕತ್ತರಿಯ ಕೆಲಸ. ಅವು ವಾಪಸ್ ಬರ್ತವೆ, ಯಾಕಂದ್ರೆ ಅಲ್ಲಿ ಮತ್ತೆ ಬೆಳೆಯೋ ಬೇರು ಇದೆ.

(ವಿಜ್ಞಾನಿಗಳ ಜಗಳ ಇಲ್ಲಿಗೆ ಮುಗಿದಿಲ್ಲ. ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್ ಅನ್ನೋ ಉರುಳೆಗಳನ್ನೂ ಈ ಔಷಧಿ ಕಿತ್ತು ಹಾಕುತ್ತೆ ಅಂತ 2013ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡವೊಂದು ತೋರಿಸ್ತು. ಒಂದೇ ಮದ್ದು, ಕೊಲ್ಲೋ ದಾರಿ ಹಲವು.)

ಭಾಗ 6

ಈಗ ಕಥೆಯ ಕಷ್ಟದ ಭಾಗ.

1967ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್-ಕೆಟರಿಂಗ್ ಆಸ್ಪತ್ರೆಯ ಡಾಕ್ಟರ್ ಚಾರ್ಲೊಟ್ ಟ್ಯಾನ್ ಮತ್ತವರ ತಂಡ ಡೌನೊರುಬಿಸಿನ್ ಪಡೆದ ಮಕ್ಕಳ ಬಗ್ಗೆ ವರದಿ ಬರೆದ್ರು. ರಕ್ತ ಕ್ಯಾನ್ಸರ್ ಹಿಮ್ಮೆಟ್ಟುತ್ತೆ, ನಿಜ. ಆದ್ರೆ ಕೆಲವು ಮಕ್ಕಳ ಹೃದಯ ಸೋಲ್ತಿತ್ತು. ಉಸಿರು ಕಟ್ಟಿ, ಕಾಲು ಊದಿ, ಹೃದಯ ವೈಫಲ್ಯದಿಂದ ಪ್ರಾಣವೇ ಹೋಗೋದು. ಗಡ್ಡೆಯ ಮೇಲೆ ಬಿಟ್ಟ ಬಾಣ ಎದೆಗೂ ನಾಟಿತ್ತು. ಆ ಮಕ್ಕಳ ಅಪ್ಪ ಅಮ್ಮಂದಿರನ್ನ ನೆನೆಸ್ಕೊಳ್ಳಿ. ರಿಪೋರ್ಟ್ ಚೆನ್ನಾಗಿದೆ ಅಂತ ಕೇಳಿ ಉಸಿರು ಬಿಟ್ಟವರಿಗೆ ಕೆಲವು ವಾರಗಳಲ್ಲಿ ಈ ಸುದ್ದಿ.

ಮಿಲಾನಿನವರು ಔಷಧಿಯನ್ನ ಕೈಬಿಡಲಿಲ್ಲ, ಬ್ಯಾಕ್ಟೀರಿಯಾವನ್ನೇ ಬದಲಾಯಿಸೋಕೆ ನೋಡಿದ್ರು. ರಾಸಾಯನಿಕ ಹಾಕಿ ಅದರ ವಂಶವಾಹಿಗಳನ್ನ ಕದಡಿದ್ರು. ಹಾಗೆ ಕದಡಿದ ಸಂತತಿಯೊಂದು ಬೇರೆಯದೇ ಒಂದು ಕೆಂಪು ವಸ್ತು ತಯಾರಿಸ್ತು. ಬಿಡಿಸಿ ನೋಡಿದ್ರೆ ಡೌನೊರುಬಿಸಿನ್‌ಗೂ ಅದಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು. ಅಷ್ಟೇ. ಆ ಒಂದು ಪರಮಾಣುವಿನಿಂದ ಔಷಧಿಯ ಹರವು ಎಷ್ಟು ಬದಲಾಯ್ತು ಅಂದ್ರೆ, ರಕ್ತ ಕ್ಯಾನ್ಸರ್‌ಗೆ ಸೀಮಿತವಾಗಿದ್ದದ್ದು ಗಟ್ಟಿ ಗಡ್ಡೆಗಳ ಮೇಲೂ ಕೆಲಸ ಮಾಡೋಕೆ ಶುರು ಮಾಡ್ತು. ಪುಲಿಯಾದ ದಡಕ್ಕೆ ಬಡಿಯೋ ಏಡ್ರಿಯಾಟಿಕ್ ಸಮುದ್ರದ ಹೆಸರಿಟ್ಟರು, ಅಡ್ರಿಯಾಮೈಸಿನ್. ಆಮೇಲೆ ಸಾಮಾನ್ಯ ಹೆಸರು ಡಾಕ್ಸೊರುಬಿಸಿನ್ ಅಂತ ಆಯ್ತು. 1969ರಲ್ಲಿ ಆರ್ಕಮೋನೆ ತಂಡದ ಪ್ರಬಂಧ ಬಂತು. ಅದೇ ವರ್ಷ ಮಿಲಾನಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾನಿ ಬೊನಡೊನ್ನಾ ರೋಗಿಗಳಲ್ಲಿ ಕಂಡ ಫಲಿತಾಂಶ ಪ್ರಕಟಿಸಿದ್ರು. 1974ರಲ್ಲಿ ಅಮೆರಿಕದಲ್ಲಿ ಅನುಮತಿ.

ಹೃದಯದ ಸಮಸ್ಯೆ? ಅದು ಹೋಗಲಿಲ್ಲ.

ಭಾಗ 7

ಗಮನಿಸಿದವರಿಗೆ ಒಂದು ವಿಚಿತ್ರ ಕಾಣಿಸಿತ್ತು. ಒಂದೆರಡು ಡೋಸ್ ಪಡೆದವರಿಗೆ ಹೃದಯಕ್ಕೆ ಏನೂ ಆದ ಹಾಗೆ ಕಾಣ್ತಿರಲಿಲ್ಲ. ತುಂಬಾ ಸಲ ತಗೊಂಡವರಿಗೆ ಅಪಾಯ ಏಕಾಏಕಿ ಏರ್ತಿತ್ತು. ಅಂದ್ರೆ ಹೃದಯ ಪ್ರತಿ ಡೋಸನ್ನೂ ಲೆಕ್ಕ ಇಟ್ಕೊಳ್ಳುತ್ತೆ, ಸಾಲದ ಪುಸ್ತಕದ ಹಾಗೆ. ತಿಂಗಳು ಕಳೀತು, ವರ್ಷ ಕಳೀತು ಅಂತ ಅದು ಖಾತೆ ಅಳಿಸಲ್ಲ.

ಇದಕ್ಕೆ ಅಂಕಿ ಕೊಟ್ಟಿದ್ದು 1979ರ ಒಂದು ಅಧ್ಯಯನ. ಡೇನಿಯಲ್ ವಾನ್ ಹಾಫ್ ಮತ್ತು ಸಂಗಡಿಗರು ನಾಲ್ಕು ಸಾವಿರದಷ್ಟು ರೋಗಿಗಳ ಹಳೇ ದಾಖಲೆ ಜಾಲಾಡಿದ್ರು. ಈ ಔಷಧಿಯನ್ನ ಮೈಯ ಮೇಲ್ಮೈ ಲೆಕ್ಕದಲ್ಲಿ ಕೊಡ್ತಾರೆ, ಚದರ ಮೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ. ಎಲ್ಲಾ ಸೇರಿ 400 ಮಿಲಿಗ್ರಾಂ ಆದವರಲ್ಲಿ ಹೃದಯ ವೈಫಲ್ಯ ಶೇಕಡ 3. 550ಕ್ಕೆ ಶೇಕಡ 7. 700ಕ್ಕೆ ಶೇಕಡ 18. ಅಲ್ಲಿಂದ ‘550 ದಾಟಬೇಡಿ’ ಅನ್ನೋದು ಪಾಠವಾಯ್ತು. 2003ರಲ್ಲಿ ಸಾಂಡ್ರಾ ಸ್ವೈನ್ ತಂಡ ಇನ್ನೂ ಜಾಗರೂಕತೆಯಿಂದ ಹಿಂಬಾಲಿಸಿ ನೋಡಿದ ರೋಗಿಗಳ ಲೆಕ್ಕ ತೆಗೆದಾಗ ಚಿತ್ರ ಇನ್ನೂ ಕಠೋರವಾಗಿತ್ತು. 400ಕ್ಕೆ ಶೇಕಡ 5, 550ಕ್ಕೆ ಶೇಕಡ 26, 700ಕ್ಕೆ ಶೇಕಡ 48. ಮಿತಿ ಇನ್ನೂ ಕೆಳಗಿಳೀತು.

ಗಾಬರಿಯಾಗಬೇಡಿ, ಇದನ್ನ ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಿ. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡೋದು ಪ್ರತಿ ಸಲ 60ರಂತೆ ನಾಲ್ಕು ಸಲ, ಒಟ್ಟು 240. ಹಾಡ್ಜ್‌ಕಿನ್ ಲಿಂಫೋಮಕ್ಕೆ ಆರು ತಿಂಗಳ ಪೂರ್ತಿ ಚಿಕಿತ್ಸೆಯಲ್ಲಿ 300. ಇದೇ ಇತಿಹಾಸದಿಂದ ಕಲಿತು ಕಟ್ಟಿದ ಲೆಕ್ಕ ಇದು. ಆದ್ರೂ ವಯಸ್ಸಾದವರು, ಬಿಪಿ ಇರೋರು, ಎದೆಗೆ ರೇಡಿಯೇಷನ್ ಆದವರು, ತೀರಾ ಚಿಕ್ಕ ಮಕ್ಕಳು ಇವರಿಗೆಲ್ಲ ಅಪಾಯ ಬೇಗ ತಟ್ಟುತ್ತೆ. ಅದಕ್ಕೇ ಮುಂಚೆ ಎಕೋ, ನಡುವೆ ಎಕೋ, ಮುಗಿದ ಮೇಲೂ ಎಕೋ.

ಹೃದಯಕ್ಕೇ ಯಾಕೆ? ಹೃದಯದ ಸ್ನಾಯುಕೋಶಗಳು ಹೆಚ್ಚಾಗಿ ಎರಡಾಗೋದೇ ಇಲ್ಲ, ಕ್ಯಾನ್ಸರ್‌ನ ತದ್ವಿರುದ್ಧ. ಬಹಳ ಕಾಲ ಎಲ್ಲರೂ ಬೆರಳು ತೋರಿಸ್ತಿದ್ದದ್ದು ಕಬ್ಬಿಣದ ಕಡೆ. ಔಷಧಿ ಮೈಯೊಳಗಿನ ಕಬ್ಬಿಣದ ಜೊತೆ ಸೇರಿ ಫ್ರೀ ರ್‍ಯಾಡಿಕಲ್ ಹುಟ್ಟಿಸುತ್ತೆ, ಅದು ಹೃದಯವನ್ನ ಸುಡುತ್ತೆ ಅಂತ. 2012ರಲ್ಲಿ ಹ್ಯೂಸ್ಟನ್‌ನ ಎಡ್ವರ್ಡ್ ಯೇ ತಂಡ ಕಥೆಗೆ ಹೊಸ ತಿರುವು ಕೊಟ್ಟಿತು. ನಮ್ಮ ಸಿಕ್ಕು ಬಿಡಿಸೋ ಕಿಣ್ವಕ್ಕೆ ಒಬ್ಬ ತಮ್ಮ ಇದ್ದಾನೆ. ಅಣ್ಣ ಆಲ್ಫಾ, ತಮ್ಮ ಬೀಟಾ. ಆಲ್ಫಾ ಎರಡಾಗ್ತಿರೋ ಕೋಶಗಳಲ್ಲಿರ್ತಾನೆ. ಬೀಟಾ ಸುಮ್ಮನಿರೋ ಕೋಶಗಳಲ್ಲೂ ಇರ್ತಾನೆ, ಹೃದಯದಲ್ಲೂ. ಔಷಧಿಗೆ ಅಣ್ಣತಮ್ಮಂದಿರ ಗುರುತು ಗೊತ್ತಾಗಲ್ಲ. ಇಲಿಗಳ ಹೃದಯಕೋಶದಿಂದ ಬೀಟಾವನ್ನ ತೆಗೆದುಹಾಕಿ ಡಾಕ್ಸೊರುಬಿಸಿನ್ ಕೊಟ್ಟಾಗ ಹೃದಯ ಕಾಪಾಡಿಕೊಂಡಿತ್ತು.

ಕೂದಲ ಬುಡದ ಹಾಗೆ ಹೃದಯಕ್ಕೆ ಮತ್ತೆ ಬೆಳೆಯೋ ಶಕ್ತಿ ಇಲ್ಲ. ಹೋದ ಕೋಶ ಹೋದ ಹಾಗೇ.

ಭಾಗ 8

ಇಷ್ಟೆಲ್ಲಾ ಅಪಾಯ ಇದ್ದೂ ಯಾಕೆ ಇಟ್ಕೊಂಡ್ರು? ಈ ಪ್ರಶ್ನೆಗೆ ಬೊನಡೊನ್ನಾ ಕೆಲಸವೇ ಉತ್ತರ.

1970ರ ಹೊತ್ತಿಗೆ ಹಾಡ್ಜ್‌ಕಿನ್ ಲಿಂಫೋಮವನ್ನ ನಾಲ್ಕು ಔಷಧಿಗಳ ಒಂದು ಕೂಟದಿಂದ ವಾಸಿ ಮಾಡಬಹುದು ಅಂತ ಅಮೆರಿಕದವರು ತೋರಿಸಿದ್ರು. ದೊಡ್ಡ ಗೆಲುವು. ಆದ್ರೆ ವಾಸಿಯಾದ ಹರೆಯದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಮಕ್ಕಳಾಗ್ತಿರಲಿಲ್ಲ, ಕೆಲವರಿಗೆ ವರ್ಷಗಳಾದ ಮೇಲೆ ರಕ್ತ ಕ್ಯಾನ್ಸರ್ ಬರ್ತಿತ್ತು. ಬೊನಡೊನ್ನಾ ಬೇರೆ ನಾಲ್ಕನ್ನ ಜೋಡಿಸಿದ್ರು, ಎಬಿವಿಡಿ. ‘ಎ’ ಅಂದ್ರೆ ತಮ್ಮೂರಿನ ಅಡ್ರಿಯಾಮೈಸಿನ್. ‘ಬಿ’ ಬ್ಲಿಯೋಮೈಸಿನ್, ಜಪಾನಿನ ಹಮಾವೊ ಉಮೆಜಾವಾ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನಿಂದ ತೆಗೆದದ್ದು. ‘ವಿ’ ವಿನ್‌ಬ್ಲಾಸ್ಟಿನ್, ಇದರ ಗಿಡ ನೀವು ದಿನಾ ನೋಡ್ತೀರಿ. ಕಾಂಪೌಂಡಿನ ಬುಡದಲ್ಲಿ, ದೇವಸ್ಥಾನದ ಹಿಂದೆ ತಾನಾಗಿ ಬೆಳೆದಿರೋ ಕಾಶಿಕಣಗಿಲೆ. ‘ಡಿ’ ಒಂದೇ ಪೂರ್ತಿ ಪ್ರಯೋಗಾಲಯದ ಕೂಸು.

1975ರಲ್ಲಿ ಮೊದಲ ಫಲಿತಾಂಶ ಬಂತು. ಹಳೇ ಕೂಟಕ್ಕಿಂತ ಇದೇ ಮೇಲು ಅಂತ ಅಮೆರಿಕದ ದೊಡ್ಡ ಪ್ರಯೋಗ ಒಪ್ಪಿಕೊಂಡಿದ್ದು 1992ರಲ್ಲಿ. ಹದಿನೇಳು ವರ್ಷ! ವಾಸಿಯಾದ ಮೇಲೆ ಮದುವೆಯಾಗಿ ಮಕ್ಕಳಾದವರು ಈ ಕೂಟದಿಂದ ಸಾವಿರಾರು ಜನ.

ಭಾಗ 9

ಹೃದಯವನ್ನ ಉಳಿಸೋಕೆ ಎರಡು ಉಪಾಯ ಬಂದ್ವು, ಎರಡೂ 1995ರಲ್ಲಿ ಅನುಮತಿ ಪಡೆದವು. ಒಂದು ಡೆಕ್ಸ್‌ರಾಜೋಕ್ಸೇನ್, ಔಷಧಿ ಜೊತೆಗೇ ಕೊಡೋ ರಕ್ಷಕ. ಕಬ್ಬಿಣ ಹಿಡಿದಿಡುತ್ತೆ ಅಂತ ತಂದದ್ದು, ಬೀಟಾ ಕಿಣ್ವವನ್ನೂ ಕಡಿಮೆ ಮಾಡುತ್ತೆ ಅಂತ ಆಮೇಲೆ ಗೊತ್ತಾಯ್ತು.

ಇನ್ನೊಂದು ಜೆರುಸಲೇಮ್‌ನ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬೆರ್ಟೊ ಗಬಿಜಾನ್ ಅವರದ್ದು. ಔಷಧಿಯನ್ನ ಕೊಬ್ಬಿನ ಪುಟ್ಟಪುಟ್ಟ ಗುಳ್ಳೆಗಳಲ್ಲಿ ತುಂಬಿದ್ರು. ಒಂದೊಂದು ಗುಳ್ಳೆಯ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಹೃದಯದ ರಕ್ತನಾಳದ ಗೋಡೆ ಬಿಗಿ, ಗುಳ್ಳೆ ದಾಟಲ್ಲ. ಗಡ್ಡೆಯ ರಕ್ತನಾಳ ಅವಸರದಲ್ಲಿ ಕಟ್ಟಿದ ಗೋಡೆ, ಸೋರುತ್ತೆ, ಗುಳ್ಳೆ ಅಲ್ಲೇ ಇಳಿಯುತ್ತೆ. ಡಾಕ್ಸಿಲ್ ಅನ್ನೋ ಹೆಸರಲ್ಲಿ ಬಂತು. ಅಮೆರಿಕ ಅನುಮತಿ ಕೊಟ್ಟ ಮೊದಲ ನ್ಯಾನೋ ಔಷಧಿ ಇದೇ.

ಈ ಡಾಕ್ಸಿಲ್ ತಯಾರಾಗ್ತಿದ್ದ ಒಹಾಯೋದ ಕಾರ್ಖಾನೆ 2011ರಲ್ಲಿ ಕೆಲಸ ನಿಲ್ಲಿಸ್ತು. ಅಮೆರಿಕದಲ್ಲಿ ಹಾಹಾಕಾರ. ಅಂಡಾಶಯದ ಕ್ಯಾನ್ಸರ್ ರೋಗಿಗಳು ಪಟ್ಟಿಯಲ್ಲಿ ಹೆಸರು ಬರೆಸಿ ಕಾಯೋ ಹಾಗಾಯ್ತು. 2012ರ ಫೆಬ್ರವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಕರು ತಾತ್ಕಾಲಿಕವಾಗಿ ಹೊರಗಿನಿಂದ ತರಿಸೋಕೆ ಒಪ್ಪಿದ್ರು. ಬಂದದ್ದು ಲಿಪೊಡಾಕ್ಸ್, ನಮ್ಮ ಸನ್ ಫಾರ್ಮಾ ಕಂಪನಿಯದ್ದು. ಭಾರತದ ಔಷಧಿ ಅಂದ್ರೆ ಅಗ್ಗದ್ದು ಅಂತ ಮೂಗು ಮುರಿಯೋರಿಗೆ ಈ ಘಟನೆ ಹೇಳಿ.

ಭಾಗ 10 (ಕೊನೆಯದು)

ಕೋಟೆ ಮಣ್ಣಿನ ಬ್ಯಾಕ್ಟೀರಿಯಾಗೆ ಒಂದು ಪ್ರಶ್ನೆ ಬಾಕಿ ಇದೆ. ಡಿಎನ್‌ಎ ಎಲ್ಲರದ್ದೂ ಒಂದೇ ಆದ್ರೆ, ಈ ವಿಷ ತಯಾರಿಸೋ ಅದು ತಾನೇ ಯಾಕೆ ಸಾಯಲ್ಲ?

1991ರಲ್ಲಿ ಉತ್ತರ ಸಿಕ್ತು. ಅದರ ಹೊರಪೊರೆಯಲ್ಲಿ ಒಂದು ಪಂಪು ಇದೆ. ವಿಷ ತಯಾರಾದ ಹಾಗೇ ಆಚೆ ಎಸೆಯುತ್ತೆ. ವಿಜ್ಞಾನಿಗಳು ಆ ಪಂಪಿನ ವಂಶವಾಹಿಯನ್ನ ಓದಿದಾಗ ಪರಿಚಯದ ಮುಖ ಕಂಡಿತು. 1976ರಲ್ಲಿ ಟೊರಾಂಟೊದಲ್ಲಿ ವಿಕ್ಟರ್ ಲಿಂಗ್ ಮತ್ತು ರುಡಾಲ್ಫ್ ಜೂಲಿಯಾನೊ ಔಷಧಿಗೆ ಬಗ್ಗದ ಜೀವಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಕಂಡಿದ್ರು, ಪಿ-ಗ್ಲೈಕೋಪ್ರೋಟೀನ್. ಕೀಮೋಗೆ ಜಗ್ಗದ ಎಷ್ಟೋ ಗಡ್ಡೆಗಳು ಇದನ್ನೇ ಬಳಸಿ ಔಷಧಿಯನ್ನ ಆಚೆ ತಳ್ತವೆ. ಎರಡೂ ಒಂದೇ ಮನೆತನದ ಪಂಪುಗಳು. ಮೊದಲು ಚೆನ್ನಾಗಿ ಕೆಲಸ ಮಾಡಿದ ಮದ್ದು ಆಮೇಲೆ ಯಾಕೆ ನಾಟಲ್ಲ ಅನ್ನೋದಕ್ಕೆ ಒಂದು ಕಾರಣ ಇದು. ರೋಗಿಯ ತಪ್ಪಲ್ಲ, ಪಥ್ಯ ಕೆಟ್ಟಿದ್ದರಿಂದಲೂ ಅಲ್ಲ.

ಕೊನೆಗೆ ಒಂದಿಷ್ಟು ಕೆಲಸಕ್ಕೆ ಬರೋ ಮಾತು. ಈ ಔಷಧಿ ತಗೊಂಡ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತೆ. ಅದು ರಕ್ತ ಅಲ್ಲ, ಬಣ್ಣ. ಆದ್ರೆ ಡ್ರಿಪ್ ಹೋಗುವಾಗ ಸೂಜಿ ಹತ್ತಿರ ಉರಿ ಬಂದ್ರೆ ಸಹಿಸ್ಕೊಂಡು ಕೂರಬೇಡಿ, ಕೂಡಲೇ ನರ್ಸನ್ನ ಕರೀರಿ. ನಾಳದಿಂದ ಆಚೆ ಸೋರಿದ್ರೆ ಚರ್ಮ, ಮಾಂಸ ಎರಡನ್ನೂ ಸುಡುತ್ತೆ.

ಇನ್ನೊಂದು, ಚಿಕಿತ್ಸೆ ಮುಗಿದ ಮೇಲೆ ಕೊಡೋ ಡಿಸ್ಚಾರ್ಜ್ ಕಾಗದಗಳನ್ನ ಎಸೀಬೇಡಿ. ಮಗುವಾಗಿದ್ದಾಗ ಚಿಕಿತ್ಸೆ ಆಗಿದ್ರಂತೂ ಅಪ್ಪ ಅಮ್ಮನ ಹತ್ರ ಕೇಳಿ ತೆಗೆಸಿಡಿ. ಇಪ್ಪತ್ತು ವರ್ಷ ಕಳೆದ ಮೇಲೂ, ಬಸಿರಾದಾಗಲೋ ದೊಡ್ಡ ಆಪರೇಷನ್ ಮುಂಚೆಯೋ, ಹೃದಯದ ಡಾಕ್ಟರು ಕೇಳೋ ಮೊದಲ ಪ್ರಶ್ನೆ ಒಟ್ಟು ಎಷ್ಟು ಆಗಿತ್ತು ಅಂತ. ಕಾಗದದಲ್ಲಿ ಈ ಔಷಧಿ ವೇಷ ಹಾಕ್ಕೊಂಡಿರುತ್ತೆ. ಒಂದು ಕಡೆ ಡಾಕ್ಸೊರುಬಿಸಿನ್, ಇನ್ನೊಂದು ಕಡೆ ಅಡ್ರಿಯಾಮೈಸಿನ್. ‘ಎಸಿ’ ಅಂತಲೋ ‘ಎಬಿವಿಡಿ’ ಅಂತಲೋ ಬರೆದಿದ್ರೆ ಅದರ ‘ಎ’ ಇದೇ. ‘ಚಾಪ್’ ಅಂತ ಬರೆದಿದ್ರೆ ಅದರ ಇಂಗ್ಲಿಷ್ ಅಕ್ಷರಗಳಲ್ಲಿ ಎರಡನೆಯದಾದ ‘ಎಚ್’ ಇದೇ, ಹೈಡ್ರಾಕ್ಸಿಡೌನೊರುಬಿಸಿನ್ ಅನ್ನೋ ಹಳೇ ಹೆಸರಿಂದ ಬಂದದ್ದು. ಆ ಸಾಲಿನ ಪಕ್ಕದಲ್ಲಿ ಮಿಲಿಗ್ರಾಂ ಇರುತ್ತೆ. ಅದನ್ನ ಒಂದು ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ.